ನೆಲ ಮುಟ್ಟದ ಚಾದರ

ನಮ್ಮ ಮನೆಯವರ ಬಟ್ಟೆಗೆ ಕೆಂಪು ದಾರದ ಗುರುತು. ಅಂಗಿಯಾದರೆ ಕಾಲರಿನ ಒಳಗೆ, ಚಾದರವಾದರೆ ಮೂಲೆಯಲ್ಲಿ, ಅಮ್ಮ ತನ್ನ ಕೈಯಾರೆ ಹಾಕಿದ ಮೂರು ಹೊಲಿಗೆ. ಲಾಂಡ್ರಿ ನಡೆಸುವ ಮನೆಯಲ್ಲಿ ಇದಿಲ್ಲದೆ ಆಗುವುದಿಲ್ಲ. ಊರಿನ ಬಟ್ಟೆಯೆಲ್ಲ ಒಂದೇ ತೊಟ್ಟಿಯಲ್ಲಿ ಮುಳುಗಿ ಏಳುವಾಗ ನಮ್ಮದು ಯಾವುದು, ಗಿರಾಕಿಯದು ಯಾವುದು ಎಂದು ತಿಳಿಯಬೇಡವೇ? ಗಿರಾಕಿಗಳಿಗೆ ಹಳದಿ, ನೀಲಿ, ಹಸಿರು, ಏನು ಬೇಕಾದರೂ ಇರಬಹುದು. ಕೆಂಪು ಮಾತ್ರ ನಮ್ಮದು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಕಾಲರ್ ಮಡಚಿ ಆ ದಾರ ತೋರಿಸಿ ಮೆರೆಯುತ್ತಿದ್ದೆ. ಅದರಲ್ಲಿ ಮೆರೆಯುವಂಥದ್ದೇನಿದೆ ಎಂದು ಉಳಿದ ಹುಡುಗಿಯರಿಗೆ ಅರ್ಥವಾಗುತ್ತಿರಲಿಲ್ಲ. ಅದು ಅವರ ಪಾಡು.

ನನ್ನನ್ನು ಮನೆಯಿಂದ ಹೊರಗೆ ಹಾಕಿದ ಸಂಜೆ ಅಮ್ಮ ಕಿಟಕಿಯ ಪಕ್ಕ ಕೂತು, ನನ್ನ ಬಟ್ಟೆಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹರಡಿಕೊಂಡು, ಸಣ್ಣ ಕತ್ತರಿಯಿಂದ ಆ ಕೆಂಪು ದಾರಗಳನ್ನು ಕಿತ್ತಳು. ಕಿತ್ತ ಮೇಲೆ ಮಡಚಿ ಚೀಲಕ್ಕೆ ಹಾಕಿದಳು. ಮಡಚುವುದರಲ್ಲಿ ಒಂದಿಷ್ಟೂ ಅವಸರವಿಲ್ಲ. ಮಗಳನ್ನು ಓಡಿಸುವಾಗಲೂ ತೋಳಿಗೆ ತೋಳು ಸರಿಯಾಗಿ ಕೂಡಿಸಿಯೇ ಮಡಚಿದಳು. ಅಪ್ಪ ನನಗೆ ಬೆನ್ನು ಹಾಕಿ ಅಂಗಡಿಯ ಷಟರ್ ಎಳೆಯುತ್ತಿದ್ದರು. ಅಣ್ಣ ಎಲ್ಲೂ ಕಾಣಲಿಲ್ಲ. ನಾನು ಅಳಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಮುಂದೆ ಅಳಲಿಲ್ಲ, ಅದು ನಿಜ.

ಆದದ್ದಿಷ್ಟು. ಶಾಲೆಯ ಹೆಡ್‌ಮಿಸ್ ಒಬ್ಬರ ಮಗಳ ಮದುವೆಯ ರೇಷ್ಮೆ ಗೌನು ನಮ್ಮಲ್ಲಿಗೆ ಇಸ್ತ್ರಿಗೆ ಬಂದಿತ್ತು. ಅಣ್ಣ ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮಕಾಡೆ ಬಿಟ್ಟು, ಫೋನು ಹಿಡಿದು ಹರಟುತ್ತ ನಿಂತ. ಸುಟ್ಟ ವಾಸನೆ ಮೂಗಿಗೆ ಬಡಿದು ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಗೌನಿನ ಬೆನ್ನಿನ ಮೇಲೆ ಪೆಟ್ಟಿಗೆಯ ಅಚ್ಚು ಕಂದು ಬಣ್ಣಕ್ಕೆ ಕೂತಾಗಿತ್ತು. ಅಣ್ಣನ ಮುಖ ಗೌನಿಗಿಂತ ಬಿಳಿಯಾಗಿತ್ತು. ಇದು ನಾನು ಕಣ್ಣಾರೆ ಕಂಡದ್ದು. ಆದರೆ ಹೆಡ್‌ಮಿಸ್ ಬರುವ ಹೊತ್ತಿಗೆ ಕಥೆ ಬದಲಾಗಿತ್ತು. ಸುಟ್ಟವಳು ಹನಿಯಜ್ಜಿಯಂತೆ.

ಹನಿಯಜ್ಜಿ ನಾನು ಹುಟ್ಟುವ ಮೊದಲಿನಿಂದ ನಮ್ಮ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ನೀರು ಚಿಮುಕಿಸುವ ಬಾಟಲಿಗಳು ಬಂದು ಎಷ್ಟೋ ಕಾಲವಾದರೂ ಬೋಗುಣಿಯಲ್ಲಿ ಬೆರಳದ್ದಿ ಬಟ್ಟೆಗೆ ಹನಿ ಉದುರಿಸುವುದನ್ನು ಅವಳು ಬಿಡಲಿಲ್ಲ. ಹೆಸರು ಬಂದದ್ದು ಹಾಗೆ.

"ವಯಸ್ಸಾಯ್ತು ನೋಡಿ, ಕಣ್ಣು ಸರಿಯಾಗಿ ಕಾಣಲ್ಲ. ಇವತ್ತೇ ಕೆಲಸ ಬಿಡಿಸಿದೀನಿ," ಎಂದು ಅಪ್ಪ ಹೆಡ್‌ಮಿಸ್ಸಿನ ಎದುರು ಕೈ ಮುಗಿದರು. ಹನಿಯಜ್ಜಿ ಮೂಲೆಯಲ್ಲಿ ನಿಂತು ತನ್ನ ಬೋಗುಣಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅಂಗಡಿಯ ತುಂಬ ಜನ. ಆ ಬೋಗುಣಿ ಚೀಲದೊಳಗೆ ಹೋಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸುಟ್ಟಿದ್ದು ಅಣ್ಣ. ನಾನೇ ನೋಡಿದೀನಿ," ಎಂದೆ. ಗಟ್ಟಿಯಾಗಿಯೇ ಎಂದೆ. ನನ್ನ ಗಂಟಲಿಗೆ ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲ.

ಹೊರಗಿನವಳಿಗಾಗಿ ಒಡಹುಟ್ಟಿದವನ ಮಾನ ಕಳೆದವಳು ಎಂಬ ಬಿರುದು ಅಂದೇ ನನಗೆ ಸಿಕ್ಕಿತು. "ಕಂಡಿದ್ದನ್ನೆಲ್ಲ ಆಡ್ಬೇಕು ಅಂತ ಎಲ್ಲಿದೆಯೇ?" ಎಂದು ಅಮ್ಮ ಕೇಳಿದಳು. ಹಾಗಾದರೆ ಕಾಣದ್ದನ್ನು ಆಡಬಹುದಾ ಎಂದು ನಾನು ಕೇಳಿದೆ. ಅದಕ್ಕೆ ಅಪ್ಪ, "ಈ ನಾಲಿಗೆ ನನ್ನ ಮನೇಲಿ ಬೇಡ," ಎಂದರು. ನಾಲಿಗೆಯೊಂದನ್ನೇ ಹೊರಗೆ ಕಳಿಸುವುದು ಆಗದಲ್ಲ, ಹಾಗಾಗಿ ನಾನೂ ಜೊತೆಗೆ ಹೊರಟೆ.

ಹೋಗಲು ಇದ್ದದ್ದು ಒಂದೇ ಕಡೆ. ಹನಿಯಜ್ಜಿ ಒಂದು ಸೈಕಲ್ ಅಂಗಡಿಯ ಹಿಂದೆ, ಮೇಲಿನ ಕೋಣೆಯಲ್ಲಿ ಇದ್ದಳು. ಕೋಣೆಯ ಮುಕ್ಕಾಲು ಭಾಗ ಇಸ್ತ್ರಿ ಮೇಜು, ಉಳಿದದ್ದರಲ್ಲಿ ಒಲೆ ಮತ್ತು ಮಂಚ. ಬಾಗಿಲಲ್ಲಿ ಚೀಲ ಹಿಡಿದು ನಿಂತ ನನ್ನನ್ನು ಅವಳು ಏನೂ ಕೇಳಲಿಲ್ಲ. "ಮೇಜಿನ ಕೆಳಗೆ ಹಾಸಿಗೆ ಹಾಕಿದ್ರೆ ಸಾಕಾಗುತ್ತಾ, ಇಲ್ಲಾ ಕಾಲು ಹೊರಗೆ ಬರುತ್ತಾ?" ಎಂದಳು. ಕಾಲು ಹೊರಗೆ ಬರುತ್ತಿತ್ತು. ಈಗಲೂ ಬರುತ್ತದೆ. ನಾವಿಬ್ಬರೂ ಸೇರಿ ಅದೇ ಮೇಜಿನ ಮೇಲೆ ಅಕ್ಕಪಕ್ಕದವರ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ ಹಿಡಿದೆವು.

ಹನಿಯಜ್ಜಿ ಭಾನುವಾರ ಚರ್ಚಿಗೆ ಹೋಗುತ್ತಿದ್ದಳು. ನಾನು ಅವಳ ಜೊತೆ ಹೊರಟದ್ದು ದೇವರು ಬೇಕೆಂದಲ್ಲ, ಒಬ್ಬಳೇ ಕೋಣೆಯಲ್ಲಿ ಕೂತರೆ ಆ ಕತ್ತರಿಯ ಕಚಕಚ ಸದ್ದು ಕಿವಿಯಲ್ಲಿ ಶುರುವಾಗುತ್ತಿತ್ತು. ಚರ್ಚು ಎಂದರೆ ಗೋಪುರ, ಬಣ್ಣದ ಗಾಜು ಎಂದೆಲ್ಲ ಅಂದುಕೊಂಡಿದ್ದೆ. ಇದು ಮೊದಲು ಟಯರ್ ಗೋದಾಮಾಗಿದ್ದ ಒಂದು ಹಾಲ್. ಬಿಸಿಲೇರಿದರೆ ಇನ್ನೂ ರಬ್ಬರಿನ ವಾಸನೆ ಬರುತ್ತಿತ್ತು. ಪಾಸ್ಟರ್ ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಪ್ರಾರ್ಥನೆಗೆ ಮೊದಲು ಈಗಲೂ "ಒಳಗೆ ಬನ್ನಿ, ಒಳಗೆ ಬನ್ನಿ, ಮುಂದೆ ಜಾಗ ಖಾಲಿ ಇದೆ" ಎಂದು ಕೂಗುತ್ತಾರೆ. ಎಲ್ಲರೂ ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ವೇದಿಕೆಯ ಮೇಲೆ ಶಿಲುಬೆಯ ಮುಂದಿದ್ದ ಮೇಜಿನ ಬಟ್ಟೆ ನೋಡುತ್ತಿದ್ದೆ. ಅಬ್ಬಾ, ಏನು ಸುಕ್ಕು! ಯಾರೋ ಅದರ ಮೇಲೆ ಮಲಗಿ ಎದ್ದ ಹಾಗಿತ್ತು. ನನ್ನ ದುಃಖ ಪಕ್ಕಕ್ಕೆ ಸರಿದು ಸಿಟ್ಟು ಬಂತು. ಮುಗಿಯುವುದನ್ನೇ ಕಾದು ಪಾಸ್ಟರ್ ಹತ್ತಿರ ಹೋದೆ.

"ದೇವರ ಮುಂದೆ ಹಾಸೋ ಬಟ್ಟೆ ಹೀಗಿದ್ರೆ ನಿಮಗೆ ನಾಚಿಕೆ ಆಗಲ್ವಾ?"

ಅವರು ತಲೆ ಕೆರೆದುಕೊಂಡರು. "ಆಗುತ್ತಮ್ಮ. ಇಸ್ತ್ರಿ ಮಾಡೋಕೆ ಬರೋರು ಯಾರೂ ಇರಲಿಲ್ಲ. ಇನ್ನು ನೀವಿದ್ದೀರಲ್ಲ."

ಹೀಗೆ ನಾನು ಚರ್ಚಿನೊಳಗೆ ಬಂದದ್ದು ಒಂದು ಸುಕ್ಕು ಹಿಡಿದುಕೊಂಡು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಇನ್ನೊಂದು ಭಾನುವಾರ ಪಾಸ್ಟರ್ ಹೇಳಿದ್ದು, ಯೇಸುವನ್ನು ಆತನ ಸ್ವಂತ ಊರಿನವರೇ ಹೊರಗೆ ದಬ್ಬಿದ ಸಂಗತಿ. ಜೊತೆಯಲ್ಲಿ ಕೂತು ಉಂಡವನೇ ಹೊತ್ತು ಬಂದಾಗ, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂದುಬಿಟ್ಟನಂತೆ. ನಾನು ನೆಟ್ಟಗೆ ಕೂತೆ. ಇದು ನನ್ನ ಮನೆಯ ಸುದ್ದಿ, ಇವರ ಕಿವಿಗೆ ಹಾಕಿದವರು ಯಾರು ಎಂದು ಹನಿಯಜ್ಜಿಯ ಕಡೆ ದುರುಗುಟ್ಟಿ ನೋಡಿದೆ. ಅವಳು ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದಳು, ಅಥವಾ ನಿದ್ದೆಯಲ್ಲಿದ್ದಳು.

ಆ ದಿನಗಳಲ್ಲಿ ಒಂದು ಮಾತು ನನ್ನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಹೆತ್ತವಳಿಗೇ ಬೇಡವಾದವಳು ಇನ್ನು ಯಾರಿಗೆ ಬೇಕು? ಏಳುವಾಗ, ಉಣ್ಣುವಾಗ, ಅಂಗಿಯ ಗುಂಡಿ ಹಾಕುವಾಗ ಅದೇ ಮಾತು. ಅದನ್ನು ಯಾರೂ ವಾದ ಮಾಡಿ ಕೆಳಗಿಳಿಸಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಚರ್ಚಿನ ಆ ಮೇಜಿನ ಬಟ್ಟೆಗೆ ಇಸ್ತ್ರಿ ಎಳೆಯುತ್ತ, ಮನಸ್ಸಿನಲ್ಲೇ ಯೇಸುವಿನ ಹತ್ತಿರ ಜಗಳವಾಡುತ್ತಿದ್ದೆ. ನಿನ್ನನ್ನೂ ನಿನ್ನವರು ಬಿಟ್ಟರಲ್ಲ, ನೀನು ಹೇಗೆ ತಡೆದುಕೊಂಡೆ, ಹೇಳು ನೋಡೋಣ ಎಂದೆ. ಉತ್ತರವೇನೂ ಕೇಳಿಸಲಿಲ್ಲ. ಆದರೆ ನನ್ನ ಜಗಳವನ್ನು ಪೂರ್ತಿ ಕೇಳಿಸಿಕೊಳ್ಳುವವರು ಒಬ್ಬರು ಆ ಕೋಣೆಯಲ್ಲಿದ್ದಾರೆ, ನಾಲಿಗೆ ಉದ್ದವಾಯಿತೆಂದು ಎದ್ದು ಹೋಗುವವರಲ್ಲ ಎಂದು ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ ಹೇಳಲಾರೆ. ಇಸ್ತ್ರಿ ಪಕ್ಕಕ್ಕಿಟ್ಟು ಮನಸಾರೆ ಅತ್ತೆ. ಅತ್ತು ಮುಗಿಸಿ ನೋಡಿದರೆ ಕಲ್ಲು ಇರಲಿಲ್ಲ. ಆತನಿಗೆ ನಾನು ಬೇಕಾಗಿದ್ದೆ, ಈ ನಾಲಿಗೆಯ ಸಮೇತ. ಅಂದಿನಿಂದ ನಾನು ಬೀದಿಯಲ್ಲಿ ತಲೆ ತಗ್ಗಿಸಿ ನಡೆದಿಲ್ಲ.

ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದು ನಾನೇ ಕೇಳಿದೆ. ನಮ್ಮ ಸಭೆಯಲ್ಲಿ ಅದಕ್ಕೊಂದು ರೂಢಿಯಿದೆ. ವೇದಿಕೆಯ ಹಲಗೆಗಳನ್ನು ತೆಗೆದರೆ ಕೆಳಗೆ ನೀರಿನ ತೊಟ್ಟಿ. ಮುಳುಗಿ ಮೆಟ್ಟಿಲು ಹತ್ತಿ ಬರುವವರ ಎದುರಿಗೆ ಇಬ್ಬರು ಅಗಲವಾದ ಬಿಳಿ ಚಾದರ ಬಿಡಿಸಿ ಹಿಡಿದು ನಿಲ್ಲುತ್ತಾರೆ. ಒಂದು ತುದಿ ಸಭೆಯವರದು, ಇನ್ನೊಂದು ಮನೆಯವರದು. "ಇವರ ಬೆನ್ನಿಗೆ ಯಾರಿದ್ದೀರಿ?" ಎಂದು ಪಾಸ್ಟರ್ ಕೇಳುತ್ತಾರೆ. ಇಬ್ಬರೂ "ನಾನಿದ್ದೀನಿ" ಎಂದು ಹೇಳಿ ಒದ್ದೆ ಮೈಗೆ ಚಾದರ ಹೊದಿಸುತ್ತಾರೆ.

ಸಭೆಯ ತುದಿ ಹನಿಯಜ್ಜಿಯದು, ಅದರಲ್ಲಿ ಮಾತೇ ಇಲ್ಲ. ಮನೆಯ ತುದಿಗಾಗಿ ಅಮ್ಮನಿಗೆ ಫೋನು ಮಾಡಿ, ಯಾವ ಭಾನುವಾರ, ಎಲ್ಲಿ ಎಂದು ಹೇಳಿದೆ. ಅಮ್ಮ ಫೋನು ಇಟ್ಟುಬಿಟ್ಟಳು. ಮನೆಯವರು ಇಲ್ಲದವರಿಗೆ ಸಭೆಯ ಹೆಂಗಸರು ನಿಲ್ಲುವುದುಂಟು. ಆಗಲೇ ಇಬ್ಬರು, ನಾನು ಹಿಡೀತೀನಿ, ನಾನು ಹಿಡೀತೀನಿ ಎಂದು ತಮ್ಮತಮ್ಮಲ್ಲಿ ಮುನಿಸಿಕೊಂಡಿದ್ದರು. ನಾನು ಪಾಸ್ಟರ್‌ಗೆ ಹೇಳಿದೆ: "ಯಾರೂ ಬೇಡ. ಆ ತುದಿ ನಮ್ಮಮ್ಮಂದು. ಅವಳು ಬರದಿದ್ರೆ ಖಾಲಿ ಇರಲಿ. ಎಲ್ಲರಿಗೂ ಕಾಣಲಿ."

"ಒಬ್ಬರ ಕೈಲಿ ಅಷ್ಟು ದೊಡ್ಡ ಚಾದರ ಆಗಲ್ಲಮ್ಮ."

"ನಾನು ಹಿಡೀತೀನಿ ಬಿಡಿ," ಎಂದಳು ಹನಿಯಜ್ಜಿ. "ಇವಳ ಹಟಕ್ಕೆ ದೇವರೇ ತಲೆ ಬಾಗಿಸ್ತಾನೆ, ನೀವ್ಯಾವ ಲೆಕ್ಕ?"

ಆ ವಾರದ ನಡುವೆ ಅಮ್ಮ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, ಮೊದಲು ಬಟ್ಟೆಯ ಅಟ್ಟಿಗಳನ್ನು ನೋಡಿದಳು, ಆಮೇಲೆ ನನ್ನನ್ನು. ಹನಿಯಜ್ಜಿ ಹಳೆಯ ಅಭ್ಯಾಸಕ್ಕೆ ಎದ್ದು ನಿಂತಳು. ಅಮ್ಮ ಅವಳ ಕಡೆ ತಿರುಗಲಿಲ್ಲ.

"ತೆಳ್ಳಗಾಗಿದೀಯ," ಎಂದಳು ನನಗೆ.

"ಇಲ್ಲ. ಮೊದಲು ಹೇಗಿದ್ದೆ ಅಂತ ನಿನಗೆ ಮರೆತಿದೆ."

ಅಮ್ಮ ಮಂಚದ ಅಂಚಿನಲ್ಲಿ ಕೂತಳು. "ನಿಮ್ಮಣ್ಣಂಗೆ ಹೆಣ್ಣು ಗೊತ್ತಾಗೋ ಹಾಗಿದೆ. ಶನಿವಾರ ಅವರ ಕಡೆಯವರು ಬರ್ತಾರೆ. ಗೌನಿನ ವಿಷಯ ಅವರ ಕಿವಿಗೆ ಬಿದ್ದಿದೆ. ಹುಡುಗ ತನ್ನ ತಪ್ಪನ್ನ ಮುದುಕಿ ತಲೆಗೆ ಕಟ್ಟಿದನಂತೆ, ನಿಜಾನಾ ಅಂತ ಕೇಳಿ ಕಳಿಸಿದಾರೆ."

"ನಿಜ ಅಂತ ಹೇಳಿ."

"ಬಾಯಿ ಮುಚ್ಚಿ ಕೇಳು. ನೀನು ಬಂದು, ಸರಿಯಾಗಿ ನೋಡಿರಲಿಲ್ಲ, ಗಡಿಬಿಡೀಲಿ ಹೇಳಿಬಿಟ್ಟೆ ಅಂತ ಒಂದು ಮಾತು ಹೇಳು. ಅಷ್ಟೇ. ಅಪ್ಪ ಒಪ್ಪಿದಾರೆ, ನಿನ್ನ ಕೋಣೆ ಹಾಗೇ ಇದೆ." ಚೀಲದಿಂದ ಏನೋ ತೆಗೆದು ಇಸ್ತ್ರಿ ಮೇಜಿನ ಮೇಲಿಟ್ಟಳು. ಕೆಂಪು ದಾರದ ಉಂಡೆ, ಅದರಲ್ಲಿ ಚುಚ್ಚಿದ್ದ ಸೂಜಿ. "ಇದನ್ನ ನಾನೇ ಮತ್ತೆ ಹಾಕಿಕೊಡ್ತೀನಿ. ಭಾನುವಾರ ನಿನ್ನ ಚರ್ಚಿಗೂ ಬರ್ತೀನಿ. ಅದೇನೋ ಚಾದರ ಅಂದ್ಯಲ್ಲ, ಹಿಡೀತೀನಿ."

ನಾನು ಆ ದಾರದ ಉಂಡೆಯನ್ನೇ ನೋಡಿದೆ. ಇದೊಂದಕ್ಕಾಗಿ ನಾನು ಎಷ್ಟು ಹಂಬಲಿಸಿದ್ದೆ ಎಂದು ಆಗ ತಿಳಿಯಿತು. ಅಮ್ಮ ಎದ್ದಳು. "ಶನಿವಾರದೊಳಗೆ ಹೇಳು," ಎಂದು ಮೆಟ್ಟಿಲಿಳಿದಳು. ಉಂಡೆ ಮೇಜಿನ ಮೇಲೆಯೇ ಉಳಿಯಿತು.

ಹನಿಯಜ್ಜಿ ತುಂಬಾ ಹೊತ್ತು ಬೋಗುಣಿಯಲ್ಲಿ ಬೆರಳಾಡಿಸುತ್ತ ಕೂತಿದ್ದಳು. ಆಮೇಲೆ, "ಹೋಗಿ ಹೇಳಿಬಿಡು ಮಗಳೇ," ಎಂದಳು. "ನನಗೆ ಇನ್ನೆಷ್ಟು ಕಾಲ ಇದೆ? ಹೆಸರು ಕೆಟ್ಟಿದ್ದು ಕೆಟ್ಟಾಯ್ತು. ನಿಂಗೆ ಅಮ್ಮ ಸಿಗ್ತಾಳೆ."

ನನಗೆ ರೇಗಿತು. "ನಿನ್ನ ಹೆಸರನ್ನ ಕೊಟ್ಟು ನಾನು ಅಮ್ಮನ್ನ ತರಬೇಕಾ? ಆಮೇಲೆ ಆ ನೀರಿಗೆ ಯಾವ ಮುಖ ಇಟ್ಕೊಂಡು ಇಳೀಲಿ?"

"ಹಾಗಾದ್ರೆ ಕೂಗಾಡ್ಬೇಡ. ಬಟ್ಟೆ ಬಿದ್ದಿದೆ, ಕೆಲಸ ನೋಡು," ಎಂದು ಮುಖ ಆ ಕಡೆ ಮಾಡಿದಳು. ಕಣ್ಣೊರೆಸಿಕೊಂಡದ್ದು ನನಗೆ ಕಾಣಬಾರದೆಂದು ಇರಬೇಕು.

ಬಾಯಲ್ಲಿ ಹಾಗೆ ಹೇಳಿದೆನೇ ಹೊರತು ಮನಸ್ಸು ಸುಮ್ಮನಿರಲಿಲ್ಲ. ಒಂದೇ ಮಾತು, ಅದೂ ಸಣ್ಣ ಮಾತು, ಸರಿಯಾಗಿ ನೋಡಿರಲಿಲ್ಲ ಎಂದರೆ ಯಾರಿಗೆ ಏನು ನಷ್ಟ ಎಂದು ಅದು ನನ್ನ ಸೆರಗು ಜಗ್ಗುತ್ತಲೇ ಇತ್ತು. ಶನಿವಾರ ಬೆಳಿಗ್ಗೆ ಆ ಬಿಳಿ ಚಾದರವನ್ನು ಇಸ್ತ್ರಿಗೆ ಹಾಸಿಕೊಂಡು, ಅದರ ಮೇಲೆ ಎರಡೂ ಕೈಯೂರಿ ಪ್ರಾರ್ಥಿಸಿದೆ. ನನಗೆ ಅಮ್ಮ ಬೇಕು, ಸುಳ್ಳು ಬೇಡ, ಎರಡರಲ್ಲಿ ಒಂದೇ ಸಿಗುವುದಾದರೆ ಯಾವುದೆಂದು ನಿನಗೇ ಗೊತ್ತು, ನನ್ನ ಕಾಲು ಮಾತ್ರ ಗಟ್ಟಿ ಮಾಡು ಎಂದೆ. ಕಾಲು ಗಟ್ಟಿಯಾಯಿತು. ನಿಂತ ಕಾಲಲ್ಲೇ ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ನಾನು ಆ ಮಾತು ಹೇಳಲ್ಲ. ನೀನು ನಾಳೆ ಬರೋದಾದ್ರೆ ಸುಮ್ಮನೆ ಬಾ. ಆ ಮಾತಿಗೆ ಬದಲಾಗಿ ಬರಬೇಡ."

ಅಮ್ಮ ಫೋನು ಇಟ್ಟಳು. ನಾನು ಅವಳ ಕೆಂಪು ದಾರ ತೆಗೆದುಕೊಂಡು, ಚಾದರದ ಒಂದು ಮೂಲೆಯಲ್ಲಿ, ಮನೆಯವರು ಹಿಡಿಯುವ ತುದಿಯಲ್ಲಿ, ಮೂರು ಹೊಲಿಗೆ ಹಾಕಿದೆ. ಬರಲಿ, ಬಿಡಲಿ, ಆ ತುದಿ ಯಾರದೆಂದು ಗುರುತಿರಬೇಕಲ್ಲ. ಆಮೇಲೆ ಹನಿಯಜ್ಜಿ ಹನಿ ಉದುರಿಸಿ ಅದಕ್ಕೆ ಇಸ್ತ್ರಿ ಹಾಕಿದಳು.

ಭಾನುವಾರ ಹಾಲ್ ತುಂಬಿತ್ತು. "ಮುಂದೆ ಬನ್ನಿ, ಮುಂದೆ ಬನ್ನಿ" ಎಂದು ಪಾಸ್ಟರ್ ಗಂಟಲು ಹರಿದುಕೊಂಡರು. ಬಿಳಿ ನಿಲುವಂಗಿ ತೊಟ್ಟು ವೇದಿಕೆಯ ಮೇಲೆ ನಿಂತಾಗ ನಾನು ಬಾಗಿಲ ಕಡೆ ನೋಡಬಾರದೆಂದು ಆಣೆ ಮಾಡಿಕೊಂಡಿದ್ದೆ. ನೋಡಿದೆ. ಅಮ್ಮ ಇರಲಿಲ್ಲ. ಸರಿ, ಎಂದುಕೊಂಡು ತಲೆಯೆತ್ತಿ ಮೆಟ್ಟಿಲಿಳಿದೆ. ನೀರು ತಣ್ಣಗಿತ್ತು. ನಾನು ನಂಬಿದ್ದೇನೆಯೇ ಎಂದು ಪಾಸ್ಟರ್ ಕೇಳಿದರು. ನಂಬಿದ್ದೇನೆ ಎಂದೆ, ಕೊನೆಯ ಸಾಲಿಗೂ ಕೇಳುವಂತೆ. ಅವರು ನನ್ನನ್ನು ಹಿಂದಕ್ಕೆ ವಾಲಿಸಿ ಮುಳುಗಿಸಿದರು. ನೀರಿನೊಳಗೆ ಯಾವ ಕತ್ತರಿಯ ಸದ್ದೂ ಇರಲಿಲ್ಲ.

ಎದ್ದು ಮೆಟ್ಟಿಲು ಹತ್ತುವಾಗ ಕಣ್ಣ ತುಂಬ ನೀರು. ಮಸುಕು ಮಸುಕಾಗಿ ಹನಿಯಜ್ಜಿ ಕಂಡಳು. ಚಾದರವನ್ನು ಎರಡೂ ತೋಳು ಚಾಚಿ ಬಿಡಿಸಲು ಹೆಣಗುತ್ತಿದ್ದಳು. ಅವಳ ತೋಳಿಗಿಂತ ಚಾದರ ಎಷ್ಟೋ ಅಗಲ. ಒಂದು ಮೂಲೆ ಅವಳ ಬೆರಳಿನಿಂದ ಮೆಲ್ಲಮೆಲ್ಲನೆ ಜಾರತೊಡಗಿತು. ಲಾಂಡ್ರಿಯವರಲ್ಲಿ ಇಸ್ತ್ರಿಯಾದ ಬಿಳಿ ಬಟ್ಟೆ ನೆಲ ಮುಟ್ಟುವುದಕ್ಕಿಂತ ದೊಡ್ಡ ಅಪಚಾರವಿಲ್ಲ. ಆಗ ಬಾಗಿಲ ಕಡೆಯಿಂದ ಚಪ್ಪಲಿಯ ಪಟಪಟ ಸದ್ದು ಕೇಳಿಸಿತು. ಆ ಸದ್ದು ನನಗೆ ಹುಟ್ಟಿದಂದಿನಿಂದ ಗೊತ್ತು.

ಅಮ್ಮ ಯಾವಾಗ ಬಂದು ಬಾಗಿಲಿನಾಚೆ ನಿಂತಿದ್ದಳೋ. ಬೈಯಲು ಬಂದಿದ್ದಳೋ, ಕಣ್ಣು ತುಂಬ ಒಂದು ಸಲ ನೋಡಿ ಹೋಗಲು ಬಂದಿದ್ದಳೋ, ನಾನು ಈವರೆಗೂ ಕೇಳಿಲ್ಲ. ನಮ್ಮ ಕಸುಬಿನವರಿಗೆ ಯಾರಾದರೂ ಒಂಟಿಯಾಗಿ ಚಾದರ ಹಿಡಿದು ಪರದಾಡುವುದು ಕಂಡರೆ ಕೈ ಸುಮ್ಮನಿರುವುದಿಲ್ಲ, ತಾನಾಗಿಯೇ ಮುಂದೆ ಹೋಗುತ್ತದೆ. ಶತ್ರುವಿನ ಚಾದರವಾದರೂ ಸರಿ. ಸಾಲುಗಳ ನಡುವೆ ಓಡಿ ಬಂದು, ವೇದಿಕೆ ಹತ್ತಿ, ನೆಲ ಇನ್ನೇನು ಗೇಣಿದೆ ಎನ್ನುವಾಗ ಅಮ್ಮ ಆ ಮೂಲೆ ಹಿಡಿದುಕೊಂಡಳು.

"ಬಿಗಿ ಹಿಡಿ!" ಎಂದು ಹನಿಯಜ್ಜಿಯನ್ನು ಗದರಿದಳು. ಹನಿಯಜ್ಜಿ ಬಿಗಿ ಹಿಡಿದಳು. ಇಬ್ಬರೂ ಒಟ್ಟಿಗೆ ಎಳೆದು ಒಂದು ಸಲ ಒದರಿದರು. ಚಾದರ ಪಟ್ಟೆಂದು ಬಿಡಿಸಿಕೊಂಡು ನಿಂತಿತು.

ಆಮೇಲೆ ಅಮ್ಮನಿಗೆ ತಾನೆಲ್ಲಿದ್ದೇನೆ ಎಂದು ಅರಿವಾಯಿತು. ಸಭೆಯೆಲ್ಲ ಅವಳನ್ನೇ ನೋಡುತ್ತಿತ್ತು. ಎದುರಿಗೆ ಚಾದರದ ಇನ್ನೊಂದು ತುದಿಯಲ್ಲಿ ತಾನು ಹೊರಗೆ ಕಳಿಸಿದ ಮುದುಕಿ. ಹೆಬ್ಬೆರಳಿನ ಕೆಳಗೆ ಕೆಂಪು ದಾರ. ಅದನ್ನು ಅವಳು ನೋಡಿದಳು. ಕೈ ಬಿಡುತ್ತಾಳೆ ಎಂದುಕೊಂಡೆ. ಬಿಟ್ಟರೆ ನೆಲಕ್ಕೆ ಬೀಳುತ್ತದೆ. ಬಿಡುವುದು ಅವಳಿಂದ ಆಗುತ್ತಿರಲಿಲ್ಲ.

"ಇವರ ಬೆನ್ನಿಗೆ ಯಾರಿದ್ದೀರಿ?" ಎಂದು ಪಾಸ್ಟರ್ ಕೇಳಿದರು.

"ನಾನಿದ್ದೀನಿ," ಎಂದಳು ಹನಿಯಜ್ಜಿ.

ನನ್ನ ನಿಲುವಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಾಸ್ಟರ್ ಅಮ್ಮನ ಉತ್ತರಕ್ಕೆ ಕಾದರು. ಅಮ್ಮನ ಕಣ್ಣು ಚಾದರದ ಉದ್ದಕ್ಕೂ ಹೋಗಿ ಬಂತು, ಅಂಚಿನಿಂದ ಅಂಚಿಗೆ, ಗಿರಾಕಿಗೆ ಕೊಡುವ ಮೊದಲು ನೋಡುವ ಹಾಗೆ.

"ಇಸ್ತ್ರಿ ನಿಂದಾ?" ಎಂದು ಹನಿಯಜ್ಜಿಯನ್ನು ಕೇಳಿದಳು.

"ಹೌದಮ್ಮ."

ಅಮ್ಮ ಗಂಟಲು ಸರಿಮಾಡಿಕೊಂಡಳು. ನನ್ನ ಗಂಟಲು ಎಲ್ಲಿಂದ ಬಂದದ್ದೆಂದು ಅವತ್ತು ಎಲ್ಲರಿಗೂ ಗೊತ್ತಾಯಿತು. "ಈಕೆ ಕೈಲಿ ಯಾವತ್ತೂ ಬಟ್ಟೆ ಸುಟ್ಟಿಲ್ಲ," ಎಂದಳು. "ನಮ್ಮ ಅಂಗಡೀಲಿ ಇದ್ದಷ್ಟು ಕಾಲ ಒಂದೂ ಸುಟ್ಟಿಲ್ಲ."

ಪಾಸ್ಟರ್ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಸಭೆಯವರು ಮುಖಮುಖ ನೋಡಿಕೊಂಡರು. ಹನಿಯಜ್ಜಿ ಹಿಡಿದ ಬಿಗಿ ಬಿಡಲಿಲ್ಲ. ನಾನು ಕೇಳಬೇಕೆಂದಿದ್ದುದು ಅದೊಂದೇ ಮಾತಾಗಿತ್ತು. ಪಾಸ್ಟರ್ ನನ್ನ ಮುಖ ನೋಡಿ, ಅಮ್ಮನ ಮುಖ ನೋಡಿ, ತಲೆಯಾಡಿಸಿದರು. "ಆಯ್ತು, ಹೊದಿಸಿ," ಎಂದರು. ಇಬ್ಬರೂ ಹೊದಿಸಿದರು. ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ನನ್ನ ಬಗ್ಗೆಯೂ ಹೌದು, ನನ್ನಮ್ಮನ ಬಗ್ಗೆಯೂ ಹೌದು.

ಹಾಡು ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ಅಮ್ಮ ನಿಲ್ಲಲಿಲ್ಲ. ನಾನು ಚಾದರ ಸುತ್ತಿಕೊಂಡೇ ಗೇಟಿನವರೆಗೆ ಓಡಿದೆ. ಅವಳು ತಿರುಗಿ, ಚಾದರದ ಮೂಲೆ ಹುಡುಕಿ, ಉಗುರಿನಿಂದ ಹೊಲಿಗೆ ಮೀಟಿದಳು.

"ಸಡಿಲ. ಒಂದು ಒಗೆತಕ್ಕೆ ಬಿಟ್ಟುಹೋಗುತ್ತೆ."

"ನೀನೇ ಬಂದು ಹಾಕಿಕೊಡು ಹಾಗಾದ್ರೆ. ನಾನು ಎಲ್ಲಿರ್ತೀನಿ ಅಂತ ಗೊತ್ತಲ್ಲ."

ಅಮ್ಮ ಬೀದಿಯ ಕಡೆ ನೋಡುತ್ತ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, "ಮನೇಲಿ ನಿಮ್ಮಪ್ಪ ಕೇಳ್ತಾರೆ. ಏನ್ ಹೇಳ್ಲಿ?" ಎಂದಳು.

"ಈಗ ಒಳಗೆ ಹೇಳಿದ್ಯಲ್ಲ, ಅದನ್ನೇ ಹೇಳು," ಎಂದೆ.